ಬಸ್ಸಿನ ನಂಬರ್ ಬದಲಾದರೆ ಸೇವ್ ಗೇಮ್ ದಾರಿ ತಪ್ಪುತ್ತದೆ

ಪ್ರಶ್ನೆ: ಸರ್, ನಾನು ಕಾಪುವಿನವನು, ಮಂಗಳೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಸಾರಿಗೆ ಕಂಪನಿ ನಡೆಸುವ ಓಪನ್‌ಟಿಟಿಡಿ ಎಂಬ ಕಂಪ್ಯೂಟರ್ ಆಟಕ್ಕೆ ನಮ್ಮ ಕಡೆಯ ಬಸ್ಸುಗಳ ಮಾಡ್ (ಆಟಕ್ಕೆ ಆಡುವವರೇ ಮಾಡಿ ಸೇರಿಸುವ ಭಾಗ) ಮಾಡಬೇಕು ಎಂದು ಹೊಳೆಯಿತು. ಒಂದು ಸಿಟಿ ಬಸ್, ಒಂದು ಎಕ್ಸ್‌ಪ್ರೆಸ್ ಬಿಡಿಸಿ, ನಾವು ಬರೆದದ್ದನ್ನು ಆಟ ಓದುವ ಫೈಲಾಗಿಸುವ ಎನ್‌ಎಂಎಲ್‌ಸಿ ಎಂಬ ಕಂಪೈಲರಿನಲ್ಲಿ ಕಂಪೈಲ್ ಮಾಡಿದೆ, ಸರಿಯಾಗಿ ಓಡಿತು. ಆಮೇಲೆ ಇವೆರಡರ ನಡುವೆ ಒಂದು ಸರ್ವಿಸ್ ಬಸ್ ಸೇರಿಸಿ, ಉಡುಪಿಯಲ್ಲಿರುವ ಚಿಕ್ಕಮ್ಮನ ಮಗನಿಗೆ ಕಳಿಸಿದೆ. ಅವನ ಹಳೆಯ ಸೇವ್ ಗೇಮ್ ತೆರೆದರೆ ಎಕ್ಸ್‌ಪ್ರೆಸ್ ಬಸ್ಸುಗಳೆಲ್ಲ ಸರ್ವಿಸ್ ಬಸ್ಸುಗಳಾಗಿವೆ. ಇಬ್ಬರೂ ಒಟ್ಟಿಗೆ ಆಡಲು ಹೋದರೆ ಸರ್ವರ್ ಸೇರಿಸಿಕೊಳ್ಳುವುದಿಲ್ಲ. ಬಸ್ಸಿನ ಕಿಟಕಿ ಗಾಜುಗಳು ಆಟದಲ್ಲಿ ಮಿನುಗುತ್ತವೆ, ನಾನು ಹಾಗೆ ಬಿಡಿಸಿಲ್ಲ. ಬೇರೆಯವರಿಗೆ ಕೊಡುವ ಹಾಗೆ ಮಾಡನ್ನು ಸರಿಯಾಗಿ ಪ್ಯಾಕ್ ಮಾಡುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಕ್ರಿಸ್ ಸಾಯರ್ 1995ರಲ್ಲಿ ಹೊರತಂದ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಆಟವನ್ನು 2004ರಿಂದ ಮುಕ್ತ ತಂತ್ರಾಂಶವಾಗಿ ಬೆಳೆಸಿದ್ದೇ ಓಪನ್‌ಟಿಟಿಡಿ. ಎಲ್ಲೆಲ್ಲಿಯದೋ ಊರಿನ ಟ್ರಾಮು, ರೈಲು, ಬಸ್ಸುಗಳನ್ನು ಆಯಾ ಊರಿನವರೇ ಕೂತು ಬಿಡಿಸಿ ಅದಕ್ಕೆ ಸೇರಿಸಿದ್ದಾರೆ. ಕಟಪಾಡಿ, ಪಡುಬಿದ್ರಿ, ಮೂಲ್ಕಿ ದಾಟಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುವ ನಮ್ಮ ಬಸ್ಸೂ ಅಲ್ಲಿ ಓಡಲಿ ಎಂಬ ಆಸೆ ನನಗೂ ಉಂಟು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಕಮಾಂಡುಗಳನ್ನು ಫೋನಿನಲ್ಲಿ ಓದಿ ಹೇಳಿದ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಕೀಬೋರ್ಡಿನಲ್ಲಿ ಒತ್ತುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒತ್ತಿ.

ಎಕ್ಸ್‌ಪ್ರೆಸ್ ಯಾಕೆ ಸರ್ವಿಸ್ ಬಸ್ಸಾಯಿತು ಎಂಬುದನ್ನು ಮೊದಲು ಬಿಡಿಸೋಣ. ಉಳಿದ ತೊಂದರೆಗಳಲ್ಲಿ ಅರ್ಧದ ಬೇರು ಅಲ್ಲೇ ಇದೆ.

ಮಂಗಳೂರಿನ ಸಿಟಿ ಬಸ್ಸನ್ನು ನಾವು ನಂಬರಿನಿಂದ ಗುರುತಿಸುತ್ತೇವೆ. ಬಸ್ಸಿಗೆ ಬೇರೆ ಬಣ್ಣ ಬಳಿಯಲಿ, ಮಾಲೀಕರು ಬದಲಾಗಲಿ, ನಂಬರ್ ಅದೇ ಇದ್ದರೆ ಅಜ್ಜಿಯೂ ಧೈರ್ಯವಾಗಿ ಹತ್ತುತ್ತಾರೆ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಆ ನಂಬರನ್ನು ಬೇರೆ ರೂಟಿಗೆ ಕೊಟ್ಟರೆ ಬಸ್ಸಿನೊಳಗೆ ಇರುವವರೆಲ್ಲ ತಪ್ಪು ಊರಿಗೆ ಹೋಗಿ ಇಳಿಯುತ್ತಾರೆ. ಓಪನ್‌ಟಿಟಿಡಿಯ ಸೇವ್ ಗೇಮ್ ಕೂಡ ನಂಬರನ್ನೇ ನಂಬುತ್ತದೆ. ನೀವು ಕೊಟ್ಟ ಹೆಸರನ್ನಾಗಲೀ ಬಿಡಿಸಿದ ಚಿತ್ರವನ್ನಾಗಲೀ ಅದು ಬರೆದಿಟ್ಟುಕೊಳ್ಳುವುದಿಲ್ಲ. ಇಂಥ ಜಿಆರ್‌ಎಫ್ ಐಡಿಯ (ಜಿಆರ್‌ಎಫ್ ಎಂದರೆ ಕಂಪೈಲ್ ಆದ ಮಾಡಿನ ಫೈಲ್, ಐಡಿ ಅದರ ಗುರುತು) ಮಾಡ್‌ನಲ್ಲಿ ಇಷ್ಟನೇ ನಂಬರಿನ ವಾಹನ ಎಂದಷ್ಟೇ ನೆನಪಿಟ್ಟುಕೊಳ್ಳುತ್ತದೆ.

ಮಾಡಿನ ಸೋರ್ಸ್ ಬರೆಯುವ ಭಾಷೆಯಾದ ಎನ್‌ಎಂಎಲ್‌ನಲ್ಲಿ ಒಂದೊಂದು ಬಸ್ಸೂ ಒಂದೊಂದು ಐಟಂ. ಐಟಂ ಎಂದು ಬರೆದು ಆವರಣದೊಳಗೆ ಮೊದಲು ಅದು ರಸ್ತೆ ವಾಹನ ಎಂಬ ಗುರುತು, ಆಮೇಲೆ ನೀವಿಟ್ಟ ಹೆಸರು, ಮೂರನೆಯದಾಗಿ ಸಂಖ್ಯೆ. ಈ ಮೂರನೆಯದನ್ನು ಬಿಟ್ಟರೂ ಕಂಪೈಲರ್ ಗೊಣಗುವುದಿಲ್ಲ. ಖಾಲಿ ಇರುವ ಸಂಖ್ಯೆಗಳನ್ನು ತಾನೇ ಸರದಿಯಂತೆ ಹಂಚುತ್ತದೆ. ನೀವು ಬಿಟ್ಟಿದ್ದೀರಿ ಎಂಬುದು ಲಕ್ಷಣ ನೋಡಿದರೇ ಗೊತ್ತಾಗುತ್ತದೆ. ಮೊದಲ ಸಲ ಸಿಟಿ ಬಸ್ಸಿಗೆ ಮೊದಲ ಸಂಖ್ಯೆ, ಎಕ್ಸ್‌ಪ್ರೆಸ್ಸಿಗೆ ಎರಡನೆಯದು ಸಿಕ್ಕಿತು. ನಡುವೆ ಸರ್ವಿಸ್ ಬಸ್ ತೂರಿಸಿದಾಗ ಎರಡನೆಯ ಸಂಖ್ಯೆ ಅದರ ಪಾಲಾಯಿತು, ಎಕ್ಸ್‌ಪ್ರೆಸ್ ಮೂರನೆಯದಕ್ಕೆ ಸರಿಯಿತು. ನಿಮ್ಮ ತಮ್ಮನ ಸೇವ್‌ನಲ್ಲಿದ್ದದ್ದು ಎರಡನೆಯ ಸಂಖ್ಯೆ. ಆಟ ತನಗೆ ಹೇಳಿದ್ದನ್ನೇ ಮಾಡಿದೆ.

ಒಳ್ಳೆಯ ಸುದ್ದಿ ಏನೆಂದರೆ ಅವನ ಸೇವ್ ಕೆಟ್ಟಿಲ್ಲ. ಮಾಡ್ ಸರಿಯಾದರೆ ಅವನ ಎಕ್ಸ್‌ಪ್ರೆಸ್ ಬಸ್ಸುಗಳು ಮತ್ತೆ ಎಕ್ಸ್‌ಪ್ರೆಸ್ ಆಗುತ್ತವೆ. ಹೊಸ ಫೈಲ್ ಹಾಕಿದ ಮೇಲೆ ಅವನು ಖರೀದಿಸಿದ ಬಸ್ಸುಗಳು ಮಾತ್ರ ಅದಲುಬದಲಾಗುತ್ತವೆ; ಅವನ್ನು ಈಗಲೇ ಡಿಪೋಗೆ ಕರೆಸಿ ಮಾರಲು ಹೇಳಿ.

ಸರಿಪಡಿಸುವ ದಾರಿ ಹೀಗೆ. ನಿಮ್ಮ ಮೊದಲ ಸಲದ ಸೋರ್ಸ್ ಫೈಲ್ ಇನ್ನೂ ಇದ್ದರೆ ಅದನ್ನು ಎನ್‌ಎಂಎಲ್‌ಸಿಗೆ ಕೊಟ್ಟು, ಎರಡು ಹೈಫನ್ ಎನ್‌ಎಫ್‌ಒ ಎಂಬ ಆಯ್ಕೆಯೊಂದಿಗೆ ಓಡಿಸಿ. ಜಿಆರ್‌ಎಫ್ ಒಳಗೆ ಏನು ಹೋಗುತ್ತದೋ ಅದನ್ನು ಓದುವ ರೂಪದಲ್ಲಿ ಬರೆದುಕೊಡುವ ಆಯ್ಕೆ ಇದು. ಎನ್‌ಎಂಎಲ್ ಬರುವ ಮೊದಲು ಮಾಡ್ ಮಾಡುವವರು ಈ ಎನ್‌ಎಫ್‌ಒ ರೂಪದಲ್ಲೇ, ಹದಿನಾರರ ಮಾನದ ಅಂಕೆಗಳಲ್ಲಿ, ಸಾಲು ಸಾಲು ಕೈಯಲ್ಲಿ ಬರೆಯುತ್ತಿದ್ದರು. ನಂತರ ಸರ್ವಿಸ್ ಬಸ್ಸನ್ನು ಸೋರ್ಸಿನಲ್ಲಿ ಎಲ್ಲಕ್ಕಿಂತ ಕೆಳಗೆ ಒಯ್ದು ಮತ್ತೆ ಎನ್‌ಎಫ್‌ಒ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯ ಎರಡು ಬಸ್ಸುಗಳ ಸಾಲಿನಲ್ಲಿ ಸಂಖ್ಯೆ ಒಂದೇ ಇರಬೇಕು. ಆ ಸಂಖ್ಯೆಗಳನ್ನು ನಿಮ್ಮ ಐಟಂ ಸಾಲಿನ ಮೂರನೆಯ ಜಾಗದಲ್ಲಿ ಕೈಯಾರೆ ಬರೆದುಬಿಡಿ. ಎನ್‌ಎಫ್‌ಒದಲ್ಲಿ ಕಾಣುವುದು ಹದಿನಾರರ ಮಾನ ಎಂಬುದು ನೆನಪಿರಲಿ: ಅಲ್ಲಿ 64 ಎಂದಿದ್ದರೆ ನಮ್ಮ ಲೆಕ್ಕದ 100.

ಇನ್ನು ಮುಂದೆ ಬರುವ ಬಸ್ಸುಗಳಿಗೆಲ್ಲ ಸಂಖ್ಯೆಯನ್ನು ನೀವೇ ಕೊಡಿ. ಮೂಲ ಆಟದಲ್ಲಿ 88 ರಸ್ತೆ ವಾಹನಗಳಿವೆ, 0ರಿಂದ 87ರವರೆಗೆ. ಹೊಸ ಸೆಟ್ ಶುರು ಮಾಡುವವರಿಗೆ ನಾನು 100ರಿಂದ ಆರಂಭಿಸಿ ಎನ್ನುತ್ತೇನೆ. ಸಿಟಿ ಬಸ್ಸುಗಳಿಗೆ 100ರ ಸಾಲು, ಸರ್ವಿಸ್ ಬಸ್ಸುಗಳಿಗೆ 120ರ ಸಾಲು, ಎಕ್ಸ್‌ಪ್ರೆಸ್ಸಿಗೆ 140ರ ಸಾಲು. ನಡುವೆ ಖಾಲಿ ಬಿಟ್ಟ ಜಾಗಕ್ಕೆ ಖರ್ಚಿಲ್ಲ. ಒಂದು ಬಸ್ಸನ್ನು ಮುಂದೆ ಕೈಬಿಟ್ಟರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ನಾನು ಸಂಖ್ಯೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಕಂಪ್ಯೂಟರ್ ಎರಡು ಸಲ ಬದಲಾಯಿತು, ಪುಸ್ತಕ ಅದೇ ಇದೆ.

ಈಗ ಜಿಆರ್‌ಎಫ್ ಐಡಿ. ಇದು ನಾಲ್ಕು ಬೈಟುಗಳ ಗುರುತು, ಸೋರ್ಸಿನ ಮೇಲ್ಭಾಗದ ಜಿಆರ್‌ಎಫ್ ಬ್ಲಾಕಿನಲ್ಲಿ ಬರುತ್ತದೆ. ಮೊದಲೆರಡು ಬೈಟಿಗೆ ಮಾಡಿದವರ ಹೆಸರಿನ ಅಕ್ಷರಗಳು, ಉಳಿದೆರಡಕ್ಕೆ ಬ್ಯಾಕ್‌ಸ್ಲ್ಯಾಶ್ ಹಾಕಿ ಹದಿನಾರರ ಮಾನದ ಎರಡೆರಡು ಅಂಕೆ ಬರೆಯುವುದು ರೂಢಿ. ಮೊದಲ ಬೈಟ್ ಎಫ್‌ಎಫ್ ಆಗಬಾರದು, ಅದು ಆಟದ ಸ್ವಂತ ಬಳಕೆಗೆ ಮೀಸಲು. ನಿಮ್ಮದು ಏನಿದೆ ಎಂದು ಈಗಲೇ ತೆರೆದು ನೋಡಿ. ಯಾವುದೋ ಪಾಠದ ಮಾದರಿ ಫೈಲನ್ನು ನಕಲು ಮಾಡಿ ಶುರು ಮಾಡಿದ್ದರೆ ಆ ಮಾದರಿಯ ಐಡಿಯೇ ಉಳಿದಿರುವ ಸಾಧ್ಯತೆ ಹೆಚ್ಚು. ನಾನು ನನ್ನ ಮೊದಲ ಲಾರಿ ಸೆಟ್ ಮಾಡಿದಾಗ ಹಾಗೇ ಬಿಟ್ಟಿದ್ದೆ. ಅದೇ ಪಾಠ ಓದಿದ ಇನ್ನೊಬ್ಬರ ಸೆಟ್ಟಿನಲ್ಲೂ ಅದೇ ಐಡಿ. ಒಂದೇ ಆಟದಲ್ಲಿ ಒಂದು ಐಡಿಯ ಎರಡು ಮಾಡುಗಳು ಕೂಡಿ ಇರಲಾರವು. ಕಾರಣ ಹುಡುಕಲು ನನಗೆ ಒಂದು ವಾರ ಹಿಡಿಯಿತು, ಐಡಿ ಬದಲಿಸಿದ ಮೇಲೆ ಹಳೆಯ ಸೇವ್‌ಗಳನ್ನೆಲ್ಲ ಬಿಡಬೇಕಾಯಿತು. ಐಡಿ ಬದಲಿಸಬೇಕಿದ್ದರೆ ನಾಲ್ಕು ಜನರ ಕೈಗೆ ಹೋಗುವ ಮೊದಲೇ ಬದಲಿಸಿ. ಹೋದ ಮೇಲೆ ಅದನ್ನು ಮುಟ್ಟುವಂತಿಲ್ಲ.

ಅದೇ ಬ್ಲಾಕಿನಲ್ಲಿ ಎರಡು ವರ್ಷನ್ ಸಂಖ್ಯೆಗಳಿವೆ: ಈಗಿನ ವರ್ಷನ್, ಮತ್ತು ಯಾವ ಹಳೆಯ ವರ್ಷನ್ನಿನವರೆಗೆ ಹೊಂದಿಕೊಳ್ಳುತ್ತದೆ ಎಂಬುದು. ಹೊರಗೆ ಕೊಡುವಾಗಲೆಲ್ಲ ಮೊದಲನೆಯದನ್ನು ಒಂದು ಹೆಚ್ಚಿಸಬೇಕು. ಎರಡನೆಯದು ನೀವು ಕೊಡುವ ಮಾತು. ಅಲ್ಲಿ 1 ಎಂದು ಬರೆದರೆ ಒಂದನೇ ವರ್ಷನ್ನಿನಲ್ಲಿ ಮಾಡಿದ ಸೇವ್‌ಗೂ ಈ ಫೈಲ್ ಹಾಕಬಹುದು ಎಂದು ಆಟಕ್ಕೆ ಹೇಳಿದ ಹಾಗೆ. ಆಟ ಅದನ್ನು ಪರೀಕ್ಷಿಸುವುದಿಲ್ಲ, ನಂಬುತ್ತದೆ. ಸಂಖ್ಯೆಗಳು ಸ್ಥಿರವಾಗಿದ್ದರೆ ಧೈರ್ಯವಾಗಿ 1 ಇಡಿ. ಮುಂದೆ ಎಂದಾದರೂ ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟಿದರೆ ಎರಡನೆಯ ಸಂಖ್ಯೆಯನ್ನೂ ಏರಿಸಿ. ಹಳೆಯ ಸೇವ್ ತೆರೆದವರಿಗೆ ಮಾಡ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಬಸ್ಸು ಬದಲಾಗಿ ಗಾಬರಿಯಾಗುವುದಕ್ಕಿಂತ ಅದು ವಾಸಿ. ನಿಮ್ಮ ಸರಿಪಡಿಸಿದ ಫೈಲಿಗೆ ವರ್ಷನ್ 3 ಕೊಡಿ, ಹೊಂದಿಕೆಯ ಸಂಖ್ಯೆ 1 ಇರಲಿ.

ಸರ್ವರ್ ಯಾಕೆ ಸೇರಿಸಿಕೊಳ್ಳಲಿಲ್ಲ? ಒಬ್ಬರೇ ಆಡುವಾಗ ಹೊಂದಿಕೆಯಾಗುವ ವರ್ಷನ್ ಇದ್ದರೆ ಸಾಕು. ನೆಟ್‌ವರ್ಕಿನಲ್ಲಿ ಹಾಗಲ್ಲ. ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಆಟ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬೇಕು. ಒಬ್ಬರ ಕಡೆ ಎಕ್ಸ್‌ಪ್ರೆಸ್ ಗಂಟೆಗೆ 80 ಕಿಲೋಮೀಟರ್, ಇನ್ನೊಬ್ಬರ ಕಡೆ 75 ಆದರೆ ಕ್ಷಣದಲ್ಲಿ ಎರಡು ಆಟಗಳು ಎರಡು ದಾರಿ ಹಿಡಿಯುತ್ತವೆ. ಅದಕ್ಕೆ ಸರ್ವರ್ ಪ್ರತಿ ಜಿಆರ್‌ಎಫ್‌ನ ಎಂಡಿ5 ಎಂಬ 16 ಬೈಟುಗಳ ಬೆರಳಚ್ಚನ್ನು ಹೋಲಿಸುತ್ತದೆ. ಅದು ಸರಿಸಮ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ನೀವು ಕಳಿಸಿದ ಮೇಲೆ ನಿಮ್ಮ ಕಡೆ ಮತ್ತೆ ಏನನ್ನೋ ತಿದ್ದಿ ಕಂಪೈಲ್ ಮಾಡಿದ್ದೀರಿ, ಅಷ್ಟೇ. ಇಬ್ಬರೂ ಒಂದೇ ಸೋರ್ಸಿನಿಂದ ಬೇರೆ ಬೇರೆ ಕಂಪೈಲ್ ಮಾಡಿಕೊಳ್ಳುವುದೂ ಬೇಡ. ಎನ್‌ಎಂಎಲ್‌ಸಿಯ ಆವೃತ್ತಿ ಬೇರೆಯಾದರೆ ಹೊರಬರುವ ಫೈಲೂ ಬೇರೆಯಾಗಬಹುದು. ಒಂದು ಕಡೆ ಮಾಡಿದ ಒಂದೇ ಫೈಲ್ ಇಬ್ಬರ ಬಳಿಯೂ ಇರಲಿ.

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಈಗಿನ ಜಿಆರ್‌ಎಫ್ ಫೈಲಿನಲ್ಲಿ ಎರಡು ಭಾಗ: ವೇಗ, ಸೀಟು, ಬೆಲೆ, ಹೆಸರು ಮೊದಲಾದ ಮಾಹಿತಿ ಒಂದರಲ್ಲಿ, ಚಿತ್ರಗಳು ಇನ್ನೊಂದರಲ್ಲಿ. ಬೆರಳಚ್ಚು ತೆಗೆಯುವುದು ಮಾಹಿತಿಯ ಭಾಗದಿಂದ ಮಾತ್ರ. ಚಿತ್ರ ಬೇರೆಯಾದ ಮಾತ್ರಕ್ಕೆ ಆಟ ದಾರಿ ತಪ್ಪುವುದಿಲ್ಲವಲ್ಲ, ಅದಕ್ಕೆ. ಆದ್ದರಿಂದ ನೀವು ಬರೀ ಬಣ್ಣ ತಿದ್ದಿ, ವರ್ಷನ್ ಏರಿಸದೆ ಕೊಟ್ಟರೆ ಎರಡು ಬೇರೆ ಫೈಲುಗಳಿಗೆ ಒಂದೇ ಬೆರಳಚ್ಚು ಇರುತ್ತದೆ; ಯಾರ ಬಳಿ ಯಾವುದಿದೆ ಎಂದು ಹೇಳುವ ದಾರಿಯೇ ಇಲ್ಲ. ವರ್ಷನ್ ಸಂಖ್ಯೆ ಮಾಹಿತಿಯ ಭಾಗದಲ್ಲಿರುವುದರಿಂದ ಅದನ್ನು ಏರಿಸಿದರೆ ಬೆರಳಚ್ಚು ಬದಲಾಗುತ್ತದೆ. ಒಂದು ಪಿಕ್ಸೆಲ್ ತಿದ್ದಿದರೂ ಕೊಡುವ ಮೊದಲು ವರ್ಷನ್ ಏರಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಿನುಗುವ ಕಿಟಕಿಗೆ ಬರುತ್ತೇನೆ. ಈ ಆಟದ ಚಿತ್ರಗಳು 256 ಬಣ್ಣಗಳ ನಿಗದಿತ ಪ್ಯಾಲೆಟ್ಟಿನಲ್ಲಿ, ಅಂದರೆ ನಂಬರ್ ಹಾಕಿದ ಬಣ್ಣಗಳ ಪಟ್ಟಿಯಲ್ಲಿ, ಇರುತ್ತವೆ. ಅದರಲ್ಲಿ 0 ಎಂದರೆ ಪಾರದರ್ಶಕ. 227ರಿಂದ 254ರವರೆಗಿನ ಬಣ್ಣಗಳು ಓಡಾಡುವ ಬಣ್ಣಗಳು. ಆಟದಲ್ಲಿ ನೀರು ಹೊಳೆಯುವುದು, ಬೆಂಕಿ ಉರಿಯುವುದು, ದೀಪ ಮಿಣುಕುವುದು ಇವುಗಳಿಂದ. ಗಾಜಿಗೆ ತಿಳಿನೀಲಿ ಬೇಕೆಂದು ನೀವು ಆರಿಸಿದ ನೀಲಿ ಸಮುದ್ರದ ನೀಲಿ. ಹಾಗಾಗಿ ಬಸ್ಸಿನ ಕಿಟಕಿಯಲ್ಲಿ ಪಣಂಬೂರಿನ ಅಲೆ ಹೊಳೆಯುತ್ತಿದೆ. ಚಿತ್ರ ಬಿಡಿಸುವ ತಂತ್ರಾಂಶವಾದ ಜಿಂಪ್‌ನಲ್ಲಿ ಪೂರ್ತಿ ಬಣ್ಣದ ಚಿತ್ರ ಬಿಡಿಸಿ ಕೊನೆಗೆ ಪ್ಯಾಲೆಟ್ಟಿಗೆ ಇಳಿಸಿದರೆ ಹೀಗಾಗುವುದು ಸಹಜ, ಯಾಕೆಂದರೆ ಜಿಂಪ್ ಹತ್ತಿರದ ಬಣ್ಣ ಹುಡುಕುತ್ತದೆಯೇ ಹೊರತು ಅದರ ಕೆಲಸ ಏನೆಂದು ಕೇಳುವುದಿಲ್ಲ. ಮೊದಲಿನಿಂದಲೇ ಇಂಡೆಕ್ಸ್ಡ್ ಮೋಡ್‌ನಲ್ಲಿ (ಪ್ಯಾಲೆಟ್ಟಿನ ಬಣ್ಣಗಳು ಮಾತ್ರ ಸಿಗುವ ರೀತಿಯಲ್ಲಿ), ಆಟದ ಪ್ಯಾಲೆಟ್ ತೆರೆದಿಟ್ಟು ಬಿಡಿಸಿ. ಎನ್‌ಎಂಎಲ್‌ಸಿ ಕೂಡ ಓಡಾಡುವ ಬಣ್ಣ, 255ರ ಅಚ್ಚ ಬಿಳಿ ಕಂಡಾಗ ಎಚ್ಚರಿಕೆ ಕೊಡುತ್ತದೆ. ಅದು ಎಚ್ಚರಿಕೆ ಮಾತ್ರ, ಫೈಲ್ ತಯಾರಾಗುತ್ತದೆ. ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕಂಪೈಲರ್ ಬರೆದ ಸಾಲುಗಳನ್ನು ಕೊನೆಯವರೆಗೆ ಓದುವ ಅಭ್ಯಾಸ ಮಾಡಿಕೊಳ್ಳಿ.

ಪ್ಯಾಲೆಟ್ಟಿನಲ್ಲಿ 198ರಿಂದ 205ರವರೆಗಿನ ಎಂಟು ಬಣ್ಣಗಳು ತುಂಬ ಉಪಯೋಗದವು. ಆಟಗಾರನ ಕಂಪನಿ ಯಾವ ಬಣ್ಣ ಆರಿಸಿಕೊಂಡಿದೆಯೋ ಆ ಬಣ್ಣಕ್ಕೆ ಇವು ತಿರುಗುತ್ತವೆ. ಎರಡನೆಯ ಬಣ್ಣಕ್ಕೆ 80ರಿಂದ 87. ಎಕ್ಸ್‌ಪ್ರೆಸ್ಸಿನ ಪಟ್ಟಿಗಳನ್ನು ಇವುಗಳಲ್ಲಿ ಬಿಡಿಸಿದರೆ ಒಂದೇ ಚಿತ್ರದಲ್ಲಿ ಹತ್ತು ಮಾಲೀಕರ ಬಸ್ಸು ಸಿಗುತ್ತದೆ. ನಮ್ಮ ಹೆದ್ದಾರಿಯ ಬಸ್ಸುಗಳ ಸೊಗಸೇ ಆ ಪಟ್ಟಿಗಳು, ಅಲ್ಲವೇ?

ಚಿತ್ರವನ್ನು ಗೆಳೆಯರಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಿದ್ದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಬಂದದ್ದು ಜೆಪೆಗ್ ಆಗಿರುತ್ತದೆ, ಪ್ಯಾಲೆಟ್ ಹೋಗಿಬಿಟ್ಟಿರುತ್ತದೆ, ಅಂಚಿನಲ್ಲೆಲ್ಲ ಕೊಳೆ ಬಣ್ಣ ಸೇರಿರುತ್ತದೆ. ಅದನ್ನು ತೊಳೆಯುವುದಕ್ಕಿಂತ ಹೊಸದು ಬಿಡಿಸುವುದು ಬೇಗ.

ಇನ್ನು ಕಂಪೈಲರ್ ಓಡಿಸುವ ಕೆಲಸ. ಎನ್‌ಎಂಎಲ್‌ಸಿ ಪೈಥಾನ್‌ನಲ್ಲಿ ಬರೆದದ್ದು; ಪಿಪ್ ಇನ್‌ಸ್ಟಾಲ್ ಎನ್‌ಎಂಎಲ್ ಎಂದರೆ ಬಂದು ಕೂರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಪಾತ್‌ಗೆ ಸೇರಿಸು ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಇಂಥ ಕಮಾಂಡ್ ಇಲ್ಲ ಎನ್ನುತ್ತದೆ. ಕೆಲಸದ ಫೋಲ್ಡರನ್ನು ಸಿ ಡ್ರೈವಿನಲ್ಲಿ ಕುಡ್ಲಬಸ್ ಎಂಬಂಥ ಸರಳ ಹೆಸರಿನಲ್ಲಿಡಿ, ಹೆಸರಿನ ನಡುವೆ ಸ್ಪೇಸ್ ಬೇಡ. ಒಳಗೆ ಕುಡ್ಲಬಸ್ ಡಾಟ್ ಎನ್‌ಎಂಎಲ್ ಎಂಬ ಸೋರ್ಸ್, ಚಿತ್ರಗಳಿಗೆ ಜಿಎಫ್‌ಎಕ್ಸ್ ಎಂಬ ಫೋಲ್ಡರ್, ಭಾಷೆಯ ಫೈಲುಗಳಿಗೆ ಲ್ಯಾಂಗ್ ಎಂಬ ಫೋಲ್ಡರ್. ಲ್ಯಾಂಗ್ ಎಂಬ ಹೆಸರನ್ನು ಬದಲಿಸಬೇಡಿ, ಎನ್‌ಎಂಎಲ್‌ಸಿ ತಾನಾಗಿ ಅಲ್ಲೇ ಹುಡುಕುತ್ತದೆ. ಆಮೇಲೆ ಆ ಫೋಲ್ಡರಿನಲ್ಲಿ ನಿಂತು ಕಮಾಂಡ್: ಎನ್‌ಎಂಎಲ್‌ಸಿ, ಸ್ಪೇಸ್, ಹೈಫನ್ ಸಿ, ಸ್ಪೇಸ್, ಎರಡು ಹೈಫನ್ ಜಿಆರ್‌ಎಫ್, ಸಮ ಚಿಹ್ನೆ, ಕುಡ್ಲಬಸ್ ಡಾಟ್ ಜಿಆರ್‌ಎಫ್, ಸ್ಪೇಸ್, ಕುಡ್ಲಬಸ್ ಡಾಟ್ ಎನ್‌ಎಂಎಲ್. ಹೈಫನ್ ಸಿ ಎಂಬುದು ಚಿತ್ರದ ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸುತ್ತದೆ, ಫೈಲ್ ಚಿಕ್ಕದಾಗುತ್ತದೆ. ಇದನ್ನು ಪ್ರತಿ ಸಲ ಒತ್ತುವ ಬದಲು ಒಂದು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟರೆ ರಾತ್ರಿ ನಿದ್ದೆಗಣ್ಣಿನಲ್ಲೂ ತಪ್ಪಾಗದು.

ಕಂಪೈಲರ್ ತಪ್ಪು ಎಂದರೆ ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಅದು ತೋರಿಸಿದ ಸಾಲು ಸರಿಯಾಗಿಯೇ ಕಂಡರೆ ಅದರ ಹಿಂದಿನ ಸಾಲು ನೋಡಿ. ಅಲ್ಲಿ ಕೊನೆಯ ಸೆಮಿಕೋಲನ್ ಬಿಟ್ಟುಹೋಗಿರುತ್ತದೆ, ಮುಂದಿನ ಪದ ಸಿಕ್ಕಿದಾಗಲೇ ಕಂಪೈಲರಿಗೆ ಅದು ಗೊತ್ತಾಗುವುದು. ಚಿತ್ರ ಸಿಗಲಿಲ್ಲ ಎಂದರೆ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಅದನ್ನು ಕ್ಷಮಿಸುತ್ತದೆ, ಲಿನಕ್ಸ್ ಕ್ಷಮಿಸುವುದಿಲ್ಲ.

ಚಿತ್ರಗಳ ವಿಷಯದಲ್ಲಿ ತಪ್ಪು ಹೇಳದೆಯೇ ತಪ್ಪಾಗುವ ಜಾಗ ಒಂದಿದೆ. ಪ್ರತಿ ಬಸ್ಸಿಗೆ ಎಂಟು ದಿಕ್ಕಿನ ಎಂಟು ಚಿತ್ರ ಬೇಕು, ಉತ್ತರದಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಪ್ರತಿ ಚಿತ್ರಕ್ಕೂ ಆರು ಸಂಖ್ಯೆ: ಹಾಳೆಯಲ್ಲಿ ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ, ಎತ್ತರ, ಕೊನೆಗೆ ಎರಡು ಆಫ್‌ಸೆಟ್, ಅಂದರೆ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಎಷ್ಟು ಸರಿಸಿ ಇಡಬೇಕು ಎಂಬುದು. ಆಫ್‌ಸೆಟ್ ಸರಿಯಿಲ್ಲದಿದ್ದರೆ ತಿರುವಿನಲ್ಲಿ ಬಸ್ಸು ಒಂದು ಹೆಜ್ಜೆ ಜಿಗಿದ ಹಾಗೆ ಕಾಣುತ್ತದೆ. ಸಂಖ್ಯೆ ಊಹಿಸಿ, ಕಂಪೈಲ್ ಮಾಡಿ, ನೋಡಿ, ಮತ್ತೆ ಊಹಿಸಿ ಸಂಜೆ ಕಳೆಯಬೇಡಿ. ಆಟದ ಕನ್ಸೋಲ್ (ಕಮಾಂಡ್ ಒತ್ತುವ ಕಿಟಕಿ) ತೆರೆದು ನ್ಯೂಜಿಆರ್‌ಎಫ್ (ಈ ಆಟದಲ್ಲಿ ಇಂಥ ಮಾಡುಗಳ ಹೆಸರು) ಡೆವಲಪರ್ ಟೂಲ್ಸ್ ಎಂಬ ಸೆಟ್ಟಿಂಗನ್ನು 1 ಮಾಡಿದರೆ ಸ್ಪ್ರೈಟ್ ಅಲೈನರ್ ಸಿಗುತ್ತದೆ. ಓಡುತ್ತಿರುವ ಆಟದಲ್ಲೇ ಚಿತ್ರವನ್ನು ಸರಿಸಿ ನೋಡಿ, ಸರಿಯಾದ ಸಂಖ್ಯೆಯನ್ನು ಸೋರ್ಸಿಗೆ ಬರೆದುಕೊಳ್ಳಬಹುದು.

ನಮ್ಮ ಬಸ್ಸಿಗೆ ಬಾಗಿಲು ಎಡಕ್ಕೆ. ಆಟದಲ್ಲಿ ವಾಹನಗಳು ರಸ್ತೆಯ ಎಡಕ್ಕೋ ಬಲಕ್ಕೋ ಎಂಬುದು ಆಟಗಾರನ ಆಯ್ಕೆ. ಬಲಕ್ಕೆ ಓಡಿಸುವವರ ಆಟದಲ್ಲಿ ನಿಮ್ಮ ಬಸ್ಸಿನ ಬಾಗಿಲು ನಡುರಸ್ತೆಗೆ ತೆರೆಯುತ್ತದೆ. ಟ್ರಾಫಿಕ್ ಸೈಡ್ ಎಂಬ ವೇರಿಯೇಬಲ್ ನೋಡಿಕೊಂಡು ಬೇರೆ ಚಿತ್ರ ತೋರಿಸಲು ಎನ್‌ಎಂಎಲ್‌ನಲ್ಲಿ ಅವಕಾಶ ಉಂಟು. ಈಗಲ್ಲ, ಮುಂದಿನ ವರ್ಷನ್ನಿಗೆ ಇಟ್ಟುಕೊಳ್ಳಿ.

ಹೆಸರುಗಳ ಬಗ್ಗೆ. ಲ್ಯಾಂಗ್ ಫೋಲ್ಡರಿನಲ್ಲಿ ಇಂಗ್ಲಿಷ್ ಡಾಟ್ ಎಲ್‌ಎನ್‌ಜಿ ಎಂಬ ಫೈಲ್ ಇರಲೇಬೇಕು, ಅದರಲ್ಲಿ ಭಾಷೆಯ ಸಂಖ್ಯೆ ಹೇಳುವ ಸಾಲು, ಆಮೇಲೆ ಒಂದೊಂದು ಹೆಸರಿಗೆ ಒಂದೊಂದು ಸಾಲು. ಫೈಲ್ ಯುಟಿಎಫ್-8 ಆಗಿರಬೇಕು. ಕನ್ನಡ ಬರೆಯುವುದಿದ್ದರೆ ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ಬರೀ ಗೋಜಲಾಗುತ್ತದೆ. ಆದರೆ ನೇರವಾಗಿ ಹೇಳಬೇಕೆಂದರೆ, ಬಸ್ಸಿನ ಹೆಸರನ್ನು ಸದ್ಯ ಇಂಗ್ಲಿಷ್ ಅಕ್ಷರದಲ್ಲೇ ಇಡಿ ಎನ್ನುತ್ತೇನೆ. ಆಟದ ಸ್ವಂತ ಅಕ್ಷರಗಳಲ್ಲಿ ಕನ್ನಡ ಇಲ್ಲ. ನೀವು ನಿಮ್ಮ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ಫೈಲ್ ತಿದ್ದಿ ಕನ್ನಡ ಫಾಂಟ್ ಕೊಡಬಹುದು, ಮಾಡ್ ಇಳಿಸಿಕೊಂಡ ಬೇರೆಯವರಿಗೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ನನಗೆ ಇದು ಬೇಸರದ ವಿಷಯವೇ. ಕನ್ನಡವನ್ನು ಬಸ್ಸಿನ ಹಣೆಯ ಬೋರ್ಡಿನಲ್ಲಿ ಬಿಡಿಸೋಣ ಎಂದರೆ ಅಲ್ಲಿ ನಾಲ್ಕೈದು ಪಿಕ್ಸೆಲ್ ಜಾಗ, ಒಂದು ಒತ್ತಕ್ಷರವೂ ಹಿಡಿಯದು. ರೀಡ್‌ಮಿಯಲ್ಲಾದರೂ ಕನ್ನಡ ಇರಲಿ.

ಪ್ಯಾಕ್ ಮಾಡುವ ಕೊನೆಯ ಕೆಲಸ ಸುಲಭ. ಕುಡ್ಲಬಸ್-3 ಎಂದು ಒಂದು ಫೋಲ್ಡರ್ ಮಾಡಿ. ಒಳಗೆ ಜಿಆರ್‌ಎಫ್ ಫೈಲ್, ಜೊತೆಗೆ ರೀಡ್‌ಮಿ, ಲೈಸೆನ್ಸ್, ಚೇಂಜ್‌ಲಾಗ್ ಎಂಬ ಮೂರು ಟಿಎಕ್ಸ್‌ಟಿ ಫೈಲುಗಳು. ಈ ಹೆಸರುಗಳನ್ನು ಹೀಗೇ ಇಟ್ಟರೆ ಆಟದೊಳಗಿನ ನ್ಯೂಜಿಆರ್‌ಎಫ್ ಕಿಟಕಿಯಲ್ಲಿ ಅವನ್ನು ಓದುವ ಗುಂಡಿಗಳು ತೆರೆದುಕೊಳ್ಳುತ್ತವೆ. ಚೇಂಜ್‌ಲಾಗ್‌ನಲ್ಲಿ ಎಕ್ಸ್‌ಪ್ರೆಸ್ ಸಂಖ್ಯೆಯ ತಪ್ಪು ಸರಿಯಾಗಿದೆ ಎಂದು ಒಂದು ಸಾಲು ತಪ್ಪದೆ ಬರೆಯಿರಿ. ಆಮೇಲೆ ಫೋಲ್ಡರಿನ ಹೊರಗೆ ನಿಂತು, ಫೈಲುಗಳನ್ನು ಒಂದೇ ಕಟ್ಟಾಗಿಸುವ ಟಾರ್ ಕಮಾಂಡ್ ಕೊಡಿ: ಟಾರ್, ಸ್ಪೇಸ್, ಹೈಫನ್ ಸಿಎಫ್, ಸ್ಪೇಸ್, ಕುಡ್ಲಬಸ್-3 ಡಾಟ್ ಟಾರ್, ಸ್ಪೇಸ್, ಕುಡ್ಲಬಸ್-3. ವಿಂಡೋಸ್ 10ರಲ್ಲಿ 2018ರಿಂದ ಟಾರ್ ಒಳಗೇ ಇದೆ, ಬೇರೆ ಏನೂ ಹಾಕಬೇಕಿಲ್ಲ. ಜಿಪ್ ಮಾಡಬೇಡಿ, ಟಾರ್‌ಗೆ ಜಡ್ ಅಕ್ಷರ ಸೇರಿಸಿ ಕುಗ್ಗಿಸಲೂ ಬೇಡಿ. ಆಟ ನೇರವಾಗಿ ಓದುವುದು ಬರೀ ಟಾರನ್ನು. ತಮ್ಮ ಅದನ್ನು ಬಿಚ್ಚಬೇಕಿಲ್ಲ. ಡಾಕ್ಯುಮೆಂಟ್ಸ್ ಒಳಗಿನ ಓಪನ್‌ಟಿಟಿಡಿ ಫೋಲ್ಡರಿನಲ್ಲಿ ನ್ಯೂಜಿಆರ್‌ಎಫ್ ಎಂಬ ಫೋಲ್ಡರಿಗೆ ಹಾಗೇ ಹಾಕಿದರೆ ಸಾಕು, ಹಳೆಯದನ್ನು ತೆಗೆದುಬಿಡಲಿ.

ಕಳಿಸುವ ಮೊದಲು ನೀವೇ ಹೊಸ ಆಟ ಶುರು ಮಾಡಿ ಒಂದು ಸಲ ಓಡಿಸಿ. ಬಸ್ಸು ಖರೀದಿಯ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಬಿಡುಗಡೆಯ ದಿನಾಂಕ 1990 ಎಂದು ಬರೆದು 1985ರಲ್ಲಿ ಆಟ ಶುರು ಮಾಡಿದರೆ ಆಟ ಆ ದಿನಾಂಕಕ್ಕೆ 511 ದಿನಗಳವರೆಗೆ ತನ್ನ ಇಷ್ಟದಂತೆ ಸೇರಿಸುತ್ತದೆ. ಪರೀಕ್ಷೆಗೆ 1995ರಲ್ಲಿ ಶುರು ಮಾಡಿ, ಕೂಡಲೇ ಸಿಗುತ್ತದೆ.

ಮಾಡ್ ಗಟ್ಟಿಯಾಯಿತು ಎನಿಸಿದ ಮೇಲೆ ಆಟದ ಸ್ವಂತ ಸಂಗ್ರಹವಾದ ಬನಾನಾಸ್‌ಗೆ ಏರಿಸಿ. ಆಗ ನಿಮ್ಮ ಸರ್ವರಿಗೆ ಬರುವವರ ಬಳಿ ಮಾಡ್ ಇಲ್ಲದಿದ್ದರೆ ಆಟದೊಳಗಿಂದಲೇ ಸರಿಯಾದ ಬೆರಳಚ್ಚಿನ ಫೈಲನ್ನು ಇಳಿಸಿಕೊಳ್ಳುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಕೆಲಸ ನಿಲ್ಲುತ್ತದೆ. ಅಲ್ಲಿ ಲೈಸೆನ್ಸ್ ಕೇಳುತ್ತಾರೆ. ಓಪನ್‌ಟಿಟಿಡಿ ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಎರಡನೇ ಆವೃತ್ತಿಯಡಿ. ನಿಮ್ಮ ಮಾಡಿಗೂ ಅದನ್ನೇ ಕೊಟ್ಟರೆ ಇನ್ನೊಬ್ಬರು ಕುಂದಾಪುರದ ಕಡೆಯ ಬಸ್ಸು ಸೇರಿಸಿ ಮುಂದುವರಿಸಬಹುದು. ಆದರೆ ಅದಕ್ಕೆ ಎಲ್ಲ ಚಿತ್ರವೂ ನಿಮ್ಮದೇ ಆಗಿರಬೇಕು, ಇಲ್ಲವೇ ಅದೇ ಲೈಸೆನ್ಸಿನ ಓಪನ್‌ಜಿಎಫ್‌ಎಕ್ಸ್ ಎಂಬ ಮುಕ್ತ ಚಿತ್ರಗಳ ಸೆಟ್ಟಿನಿಂದ ತೆಗೆದದ್ದಾಗಿರಬೇಕು. ಮೂಲ ಟೈಕೂನ್ ಆಟದ ಬಸ್ಸನ್ನು ತಿದ್ದಿ ಬಣ್ಣ ಬದಲಿಸಿದ್ದರೆ ಅದು ನಿಮ್ಮದಾಗುವುದಿಲ್ಲ.

ನಮ್ಮ ಹೆದ್ದಾರಿಯಲ್ಲಿ ಓಡುವ ಖಾಸಗಿ ಬಸ್ಸುಗಳ ಹೆಸರು, ಅದನ್ನು ಬರೆದ ಶೈಲಿ ಆಯಾ ಮಾಲೀಕರದ್ದು. ನಿಮಗೆ ಇಷ್ಟದ ಬಸ್ಸನ್ನು ಅದರ ಹೆಸರಿನ ಸಮೇತ ಹಾಕಬೇಕೆಂದಿದ್ದರೆ ಆಫೀಸಿಗೆ ಹೋಗಿ ಚಿತ್ರ ತೋರಿಸಿ ಕೇಳಿ, ಒಪ್ಪಿದರೆ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಕಂಪನಿ ಬಣ್ಣದ ಪಟ್ಟಿಗಳಿರುವ ಹೆಸರಿಲ್ಲದ ಎಕ್ಸ್‌ಪ್ರೆಸ್ ಇದ್ದೇ ಇದೆ. ವರ್ಷನ್ 3 ತಯಾರಾದಾಗ ನನಗೂ ಒಂದು ಪ್ರತಿ ಕಳಿಸಿ, ನಿಮ್ಮ ತಮ್ಮನ ಆ ಹಳೆಯ ಸೇವ್ ಕೂಡ ಇರಲಿ. ಎರಡನ್ನೂ ಸೇರಿಸಿ ತೆರೆದು ನೋಡುತ್ತೇನೆ.